ಎರಡು ಕಣ್ಣಿನ ಕ್ಯಾಮೆರಾ

"ಈ ಮನೇಲಿ ಮುನ್ನೂರು ಕ್ಯಾಮೆರಾ ಇದೆ. ನನ್ನದೊಂದು ಫೋಟೋ ಇದೆಯಾ, ಹೇಳು," ಎಂದು ಗ್ಲೆಂಡಾ ಟೋಸ್ಟಿಗೆ ಬೆಣ್ಣೆ ಹಚ್ಚುತ್ತಿದ್ದ ಚಾಕುವನ್ನೇ ಗಂಡನತ್ತ ತೋರಿಸಿ ಕೇಳಿದಳು.

ನೆವಿಲ್ ಯೋಚಿಸಿದ. ಯೋಚಿಸಿದ್ದೇ ತಪ್ಪಾಯಿತು. "ಡ್ರೈವಿಂಗ್ ಲೈಸೆನ್ಸಲ್ಲಿ ಇದೆಯಲ್ಲ," ಎಂದ.

ಆಸ್ಟ್ರೇಲಿಯಾದ ಬೆಂಡಿಗೋ ಊರಿನಲ್ಲಿ, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿಗೆ ಗ್ಲೆಂಡಾ ಅಧ್ಯಕ್ಷೆಯಾಗಿ ವಾರ ಕಳೆದಿರಲಿಲ್ಲ. ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ಅವಳು. ಕ್ಲಬ್ಬಿನ ಗೋಡೆಯ ಮೇಲೆ ಹಿಂದಿನ ಅಧ್ಯಕ್ಷರೆಲ್ಲ ಟೈ ಬಿಗಿದುಕೊಂಡು, ಹೊಟ್ಟೆನೋವು ತಡೆದುಕೊಂಡವರ ಮುಖದಲ್ಲಿ ಸಾಲಾಗಿ ನೇತಾಡುತ್ತಿದ್ದಾರೆ. ಆ ಸಾಲಿನ ಕೊನೆಗೆ ಶನಿವಾರದೊಳಗೆ ಇವಳ ಫೋಟೋ ಬೇಕು. ತನ್ನ ಮೊಬೈಲಿನಲ್ಲೇ ತೆಗೆದುಬಿಡುತ್ತೇನೆ ಎಂದು ಕಾರ್ಯದರ್ಶಿ ಹೇಳಿದ್ದ. ಗ್ಲೆಂಡಾ ಒಪ್ಪಿರಲಿಲ್ಲ.

"ಕ್ಯಾಮೆರಾ ನೆವ್‌ನ ಹೆಂಡತಿ ಮೊಬೈಲಲ್ಲಿ ಫೋಟೋ ತೆಗೆಸ್ಕೊಂಡ್ಳು ಅಂತ ಊರೆಲ್ಲ ನಗಲಿ ಅಂತಾನಾ? ನೀನೇ ತೆಗೀಬೇಕು. ಗಾಜಿನ ಬೀರೂಲಿ ಕೂರಿಸಿ ಪೂಜೆ ಮಾಡ್ತೀಯಲ್ಲ, ಅದರಲ್ಲೇ ತೆಗೀಬೇಕು. ಆಗಲ್ಲ ಅಂದ್ರೆ ನಿನ್ನ ಸಂಸಾರ ಎಲ್ಲಾ ಶೆಡ್ಡಿಗೆ. ಆ ಕ್ಯಾಮೆರಾ ಕೋಣೆ ನನಗೆ."

ಶೆಡ್ಡು ಎಂದರೆ ಹಿತ್ತಲಿನ ತಗಡಿನ ಡಬ್ಬಿ. ಜನವರಿಯ ಬೇಸಿಗೆಯಲ್ಲಿ ಅದರೊಳಗೆ ರೊಟ್ಟಿ ಬೇಯಿಸಬಹುದು. ಲೆನ್ಸುಗಳ ಅಂಟು ಕರಗಿ, ಹೊರಗಿನ ಚರ್ಮದ ಹೊದಿಕೆ ಸೆಟೆದು, ಒಂದೇ ಬೇಸಿಗೆಯಲ್ಲಿ ಇಪ್ಪತ್ತೈದು ವರ್ಷದ ಸಂಗ್ರಹ ಗುಜರಿಯಾಗುತ್ತದೆ. ನೆವಿಲ್ ಕಚ್ಚಿದ್ದ ಟೋಸ್ಟನ್ನು ತಟ್ಟೆಗೆ ಹಾಕಿದ.

ಹಳೆ ಕ್ಯಾಮೆರಾದ ವಿಷಯದಲ್ಲಿ ನೆವಿಲ್‌ನ ಮಾತಿಗೆ ಈ ಸೀಮೆಯಲ್ಲಿ ಎದುರಾಡುವವರಿಲ್ಲ. ಸಂತೆಯಲ್ಲೋ ಸತ್ತವರ ಮನೆಯ ಹರಾಜಿನಲ್ಲೋ ಕ್ಯಾಮೆರಾ ಕೈಗೆ ಸಿಕ್ಕರೆ ಅವನದೊಂದು ಕ್ರಮ. ಮೊದಲು ಲೆನ್ಸಿನ ಸುತ್ತಲಿನ ಅಂಕಿ ಓದಿ ಹುಟ್ಟಿದ ವರ್ಷ ಹೇಳುವುದು. ಆಮೇಲೆ ಕಿವಿಗೆ ಹಿಡಿದು ಗುಂಡಿ ಒತ್ತಿ ಸದ್ದು ಕೇಳುವುದು. ಕೊನೆಗೆ ಕ್ಯಾಮೆರಾದ ಹಿಂಬಾಗಿಲು ತೆರೆದು, ಬೆಳಕಿಗೆ ಹಿಡಿದು, ಗಾಜಿನಲ್ಲಿ ಬೂಷ್ಟು ಇದೆಯೋ ನೋಡುವುದು. ಬೆಲೆ ಅನ್ನುವುದು ಒಳಗಿನ ಗಾಜಿನಲ್ಲಿ ಮತ್ತು ಹೊರಗಿನ ಚರ್ಮದಲ್ಲಿ ಇರುತ್ತದೆ ಎಂಬುದು ಅವನ ವೇದವಾಕ್ಯ. ಒಮ್ಮೆ ಒಬ್ಬಳು ಕ್ಯಾಮೆರಾದ ಚರ್ಮದ ಮೇಲೇ ಬೆಲೆಯ ಚೀಟಿ ಅಂಟಿಸಿದ್ದಳೆಂದು ಸಂತೆಯ ನಡುವೆ ನಿಂತು ಅವಳಿಗೆ ಪಾಠ ಹೇಳಿದ್ದ. "ಅಂಟು ಕಿತ್ತರೂ ಕಲೆ ಹೋಗಲ್ಲ ಕಣಮ್ಮ! ಮಗು ಹಣೆಗೆ ಚೀಟಿ ಅಂಟಿಸ್ತೀಯಾ?"

ಇಷ್ಟೆಲ್ಲ ತಿಳಿದವನ ಮನೆಯಲ್ಲಿ ಒಂದು ಸುರುಳಿ ಫಿಲಂ ಇರಲಿಲ್ಲ. ಊಟಕ್ಕಿಲ್ಲದ ಉಪ್ಪಿನಕಾಯಿ ಅಂದರೆ ಇದೇ. ಕೊನೆಗೆ ಗೆಳೆಯ ಡೆಸ್‌ಗೆ ಫೋನು ಮಾಡಬೇಕಾಯಿತು. ಡೆಸ್ ಕೂಡ ಸಂಗ್ರಹದ ಹುಚ್ಚಿನವನೇ. ಆದರೆ ಅವನು ಆಗೊಮ್ಮೆ ಈಗೊಮ್ಮೆ ಫೋಟೋ ತೆಗೆದು, ಬಟ್ಟೆ ಒಗೆಯುವ ಕೋಣೆಯಲ್ಲಿ ತಾನೇ ತೊಳೆಯುವಷ್ಟು ಕೆಳಗಿಳಿದಿದ್ದ. ಫ್ರಿಜ್ಜಿನಲ್ಲಿ ಸಾಸೇಜಿನ ಪಕ್ಕ ಇಟ್ಟಿದ್ದ ಫಿಲಂ ತಂದುಕೊಟ್ಟು, "ಯಾವುದಕ್ಕೆ ಹಾಕ್ತೀಯ?" ಎಂದು ಕೇಳಿದ.

"ಎರಡು ಕಣ್ಣಿಂದಕ್ಕೆ."

ಡೆಸ್ ಟೋಪಿ ತೆಗೆದ. ಒಂದರ ಮೇಲೊಂದು ಲೆನ್ಸು ಇರುವ ಆ ಜರ್ಮನ್ ಪೆಟ್ಟಿಗೆ ನೆವಿಲ್‌ನ ಬೀರುವಿನ ಪಟ್ಟದರಾಣಿ. ಚರ್ಮದ ಮೇಲೆ ಉಗುರಿನ ಗೀರೂ ಇಲ್ಲ. ಅದಕ್ಕೆ ಡೆಸ್ ಎಷ್ಟೋ ವರ್ಷದಿಂದ ಜೊಲ್ಲು ಸುರಿಸುತ್ತಿದ್ದಾನೆ.

ಮರುದಿನ ಬೆಳಿಗ್ಗೆ ಹಿತ್ತಲಿನ ನಿಂಬೆಗಿಡದ ಮುಂದೆ ಗ್ಲೆಂಡಾ ಕ್ಲಬ್ಬಿನ ಬಿಳಿ ಕೋಟು ತೊಟ್ಟು ನಿಂತಳು. ನೆವಿಲ್ ಕ್ಯಾಮೆರಾವನ್ನು ಹೊಟ್ಟೆಯ ಬಳಿ ಹಿಡಿದು, ಮೇಲಿನ ಮುಚ್ಚಳ ತೆರೆದು, ಗಾಜಿನೊಳಗೆ ನೋಡಲು ಕತ್ತು ಬಗ್ಗಿಸಿದ.

"ಅಯ್ಯೋ, ಮದುವೆ ಆದಾಗಿಂದ ಮೊದಲ ಸಲ ನನ್ನ ಮುಂದೆ ತಲೆ ತಗ್ಗಿಸಿದೀಯಲ್ಲೋ!" ಎಂದು ಗ್ಲೆಂಡಾ ಕೈ ಚಾಚಿ ಹೋ ಎಂದು ನಕ್ಕಳು. ನೆವಿಲ್ ಬೆಚ್ಚಿ ಗುಂಡಿ ಒತ್ತಿಬಿಟ್ಟ.

"ಒಂದು ಫೋಟೋ ದಂಡ ಆಯ್ತು! ನೆಟ್ಟಗೆ ನಿಲ್ಲು. ಸ್ವಲ್ಪ ಎಡಕ್ಕೆ ಬಾ. ಎಡಕ್ಕೆ ಅಂದೆ!"

"ಎಡಕ್ಕೇ ಬಂದೆ!"

ಆ ಗಾಜಿನಲ್ಲಿ ಎಡ ಬಲವಾಗಿ ಕಾಣುತ್ತದೆ ಎಂದು ನೂರು ಜನಕ್ಕೆ ಹೇಳಿಕೊಟ್ಟವನು ಅವನೇ. ಅವಳನ್ನು ಓಡಾಡಿಸಿ ಓಡಾಡಿಸಿ ಕಸದ ಡಬ್ಬಿಯವರೆಗೂ ತಲುಪಿಸಿದ ಮೇಲೆ ಅದು ನೆನಪಾಯಿತು. ಅಂತೂ ಅವಳು ಮತ್ತೆ ನಿಂಬೆಗಿಡದ ಮುಂದೆ ನಿಂತಳು. ಅಂಗೈಯಗಲದ ಗಾಜಿನ ಮೇಲೆ ಗ್ಲೆಂಡಾ ಬಿಸಿಲಿಗೆ ಕಣ್ಣು ಕಿರಿದು ಮಾಡಿದಳು, ಕೂದಲು ಸರಿಮಾಡಿಕೊಂಡಳು. ಅವಳನ್ನು ಇಷ್ಟು ಹೊತ್ತು ನೋಡಿ ಎಷ್ಟು ಕಾಲವಾಯಿತೋ ಅವನಿಗೇ ತಿಳಿಯಲಿಲ್ಲ. ಎಷ್ಟು ಚೆನ್ನಾಗಿದ್ದಾಳೆ ಅನ್ನಿಸಿತು. ಹೇಳಬೇಕು ಅಂದುಕೊಂಡ. "ಗದ್ದ ಮೇಲೆತ್ತು," ಎಂದ.

ಫಿಲಂ ಮುಗಿಯಿತು. ಗ್ಲೆಂಡಾ ಚಹಾ ಮಾಡಲು ಒಳಗೆ ಹೋದಳು. ಫಿಲಂ ಒಯ್ಯಲು ಬಂದಿದ್ದ ಡೆಸ್ ಜಗಲಿಯ ಮೇಲೆ ಕೂತು ಕ್ಯಾಮೆರಾವನ್ನೇ ನೋಡುತ್ತಿದ್ದ.

"ಹೊರಗೆ ಚೆನ್ನಾಗಿದೆ ಬಿಡು," ಎಂದ. "ಒಳಗೆ ಬೂಷ್ಟು ಹಿಡಿದಿರಬೇಕು. ಈ ಕಾಲದ ಗಾಜಿಗೆಲ್ಲ ಹಿಡಿದಿರುತ್ತೆ."

"ಬೂಷ್ಟಾ? ಇದಕ್ಕಾ?"

"ಇರಲಿ ಬಿಡಯ್ಯಾ. ಬೇಜಾರು ಮಾಡ್ಕೋಬೇಡ."

ಹೆಂಡತಿಯನ್ನು ಬೈದಿದ್ದರೂ ನೆವಿಲ್ ತಡೆದುಕೊಳ್ಳುತ್ತಿದ್ದನೇನೋ. ತಟಕ್ಕನೆ ಕ್ಯಾಮೆರಾದ ಹಿಂಬಾಗಿಲು ತೆರೆದು ಅದನ್ನು ಬಿಸಿಲಿಗೆ ಎತ್ತಿ ಹಿಡಿದ. "ನೋಡು! ಕಣ್ಣಿದ್ರೆ ನೋಡು!"

ಇಬ್ಬರೂ ತಲೆಗೆ ತಲೆ ತಾಗಿಸಿ ಇಣುಕಿದರು.

"ಏನೋ ಕಾಗದ ಅಡ್ಡ ಇದೆಯಲ್ಲ," ಎಂದ ಡೆಸ್.

"ಹಳೇ ಓನರ್ ಯಾವನೋ ತುರುಕಿರ್ತಾನೆ," ಎಂದು ನೆವಿಲ್ ಎರಡು ಬೆರಳಲ್ಲಿ ಕಾಗದ ಹಿಡಿದು ಎಳೆದ.

ಕೈಗೆ ಖಾಲಿ ಕ್ಯಾಮೆರಾದ ಇಪ್ಪತ್ತೈದು ವರ್ಷದ ಅಭ್ಯಾಸ, ತಲೆಗೆ ಫಿಲಂ ತುಂಬಿದ್ದರ ಅರ್ಧ ಗಂಟೆಯದು. ಸುರುಳಿ ಕಳಚಿ ಮೆಟ್ಟಿಲ ಮೇಲೆ ಬಿದ್ದು ಟಣ್ ಟಣ್ ಎಂದು ಇಳಿಯಿತು. ಅದರ ಹಿಂದೆ ಫಿಲಂಗೆ ಸುತ್ತಿದ್ದ ಕಾಗದ, ಫಿಲಂ ಎಲ್ಲ ಬಿಚ್ಚಿಕೊಳ್ಳುತ್ತ ಹುಲ್ಲಿನ ಮೇಲೆ ಉದ್ದಕ್ಕೆ ಹಾಸಿತು. ಬೇಲಿಯ ಮೇಲಿದ್ದ ಮ್ಯಾಗ್‌ಪೈ ಹಕ್ಕಿ ಕತ್ತು ವಾರೆ ಮಾಡಿ ನೋಡಿತು. ಬೆಳಕು ತಾಗಿದರೆ ಫಿಲಂ ಹಾಳಾಗುತ್ತದೆ ಎಂದು ಆಗ ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನೆವಿಲ್ ಮುಗ್ಗರಿಸಿ ಓಡಿ ಸುರುಳಿಯ ಮೇಲೆ ಹೊಟ್ಟೆ ಅಡಿಯಾಗಿ ಬಿದ್ದ. ತಿರುಳಿನಲ್ಲಿ ಉಳಿದಿದ್ದ ಒಂದೆರಡು ಸುತ್ತು ಮುಷ್ಟಿಗೆ ಸಿಕ್ಕಿತು.

"ಕ್ಯಾಮೆರಾ ಕೆಟ್ಟಿತ್ತು ಅಂದುಬಿಡು," ಎಂದು ಡೆಸ್ ಆ ಸುತ್ತಿನ ಮೇಲೆ ಟೋಪಿ ಮುಚ್ಚಿ ಎತ್ತಿಕೊಳ್ಳುತ್ತ ಪಿಸುಗುಟ್ಟಿದ.

ನೆವಿಲ್ ಹುಲ್ಲಿನಿಂದ ಮುಖ ಎತ್ತಿದ. ಶೆಡ್ಡು ಕಣ್ಣೆದುರೇ ಇತ್ತು. "ಅದೊಂದು ಹೇಳಲಾರೆ ಕಣೋ. ಒಳ್ಳೇ ಕ್ಯಾಮೆರಾ ಅದು."

ಹೇಳುವ ಅಗತ್ಯವೂ ಬರಲಿಲ್ಲ. ಗ್ಲೆಂಡಾ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಎಲ್ಲಾ ಹೋಯ್ತಾ?" ಎಂದಳು. ಅವನು ತಲೆಯಾಡಿಸಿದ. ಅವಳು ಬೈಯಲಿಲ್ಲ. ತಟ್ಟೆ ಕೆಳಗಿಟ್ಟು, ಬಿಳಿ ಕೋಟು ಬಿಚ್ಚಿ, ಮಡಚಿಕೊಂಡು ಒಳಗೆ ಹೋದಳು. ಅವಳು ಬೈದಿದ್ದರೇ ಚೆನ್ನಾಗಿತ್ತು ಎಂದು ನೆವಿಲ್‌ಗೆ ಅನ್ನಿಸಿತು.

ಶುಕ್ರವಾರ ಮಧ್ಯಾಹ್ನ ಅವನು ತಾನಾಗಿಯೇ ಕ್ಯಾಮೆರಾ ತುಂಬಿದ ಮೊದಲ ಪೆಟ್ಟಿಗೆ ಹೊತ್ತುಕೊಂಡು ಶೆಡ್ಡಿನ ಬಾಗಿಲು ತಲುಪಿದ್ದಾಗ ಡೆಸ್ ಬಂದ. ಕೈಯಲ್ಲಿ ಒಂದೇ ಒಂದು ಫೋಟೋ ಇತ್ತು.

"ತಿರುಳಿನಲ್ಲಿದ್ದ ಮೊದಲನೇದು ಉಳೀತು. ಪೂರ್ತಿ ಅಲ್ಲ," ಎಂದ. ನೆವಿಲ್ ಪೆಟ್ಟಿಗೆ ಇಳಿಸಿ ಫೋಟೋ ತೆಗೆದುಕೊಂಡ.

ಚಿತ್ರದ ಒಂದು ಅಂಚನ್ನು ಬೆಳಕು ತಿಂದುಹಾಕಿತ್ತು. ನಿಂಬೆಗಿಡ ಅರ್ಧ ಮಾಯವಾಗಿತ್ತು. ಉಳಿದ ಜಾಗದ ತುಂಬ ಗ್ಲೆಂಡಾ, ಕೈ ಚಾಚಿ, ಬಾಯಿ ತೆರೆದು, ಕಣ್ಣು ಮುಚ್ಚುವಷ್ಟು ನಗುತ್ತಿದ್ದಳು.

"ಹಾಳಾಗಿದೆ," ಎಂದ ನೆವಿಲ್. ಸಂತೆಯಲ್ಲಾಗಿದ್ದರೆ ಇದಕ್ಕೆ ಬಿಡಿಗಾಸೂ ಕಟ್ಟುತ್ತಿರಲಿಲ್ಲ. ಆದರೆ ಕೆಳಗಿಡಲಿಲ್ಲ.

ಗ್ಲೆಂಡಾ ಹಿತ್ತಲಿಗೆ ಬಂದು ಅವನ ಕೈಯಿಂದ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

"ನಾನು ಹೀಗೆ ನಗ್ತೀನಾ?"

"ಹೂಂ."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದ ನೆವಿಲ್. "ಅದನ್ನ ನೋಡೇ ಅಲ್ವೇನೇ ನಿನ್ನ ಹಿಂದೆ ಬಿದ್ದಿದ್ದು. ನಡುವೆ ಮರೆತುಬಿಟ್ಟಿದ್ದೆ."

ಡೆಸ್ ತನ್ನ ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದ. ಅದು ಕಟ್ಟಿಯೇ ಇತ್ತು.

"ಗೋಡೆಗೆ ಇದೇ ಹೋಗಲಿ," ಎಂದಳು ಗ್ಲೆಂಡಾ. "ಆ ಗಂಟುಮೋರೆಗಳ ಸಾಲಲ್ಲಿ ಒಬ್ಬಳಾದ್ರೂ ನಗಲಿ. ಡೆಸ್, ಇನ್ನೊಂದು ಫಿಲಂ ಇದೆಯಾ? ನಾಳೆ ಕ್ಲಬ್ಬಲ್ಲಿ ಇದನ್ನ ಗೋಡೆಗೆ ಹಾಕೋವಾಗ ಫೋಟೋ ಇವನೇ ತೆಗೀಬೇಕು."

ಡೆಸ್‌ನ ಜೇಬಿನಲ್ಲಿ ಒಂದಿತ್ತು. ನೆವಿಲ್ ಪೆಟ್ಟಿಗೆಯನ್ನು ಶೆಡ್ಡಿನ ಬಾಗಿಲಲ್ಲೇ ಬಿಟ್ಟು, ಎರಡು ಕಣ್ಣಿನ ಕ್ಯಾಮೆರಾ ತಂದು ಊಟದ ಮೇಜಿನ ಮೇಲಿಟ್ಟು, ಫಿಲಂ ತುಂಬಿ ಹಿಂಬಾಗಿಲು ಮುಚ್ಚಿದ. ಅಷ್ಟರಲ್ಲಿ ಗ್ಲೆಂಡಾ ಔಷಧಿ ಡಬ್ಬಿಯಿಂದ ಗಾಯಕ್ಕೆ ಹಾಕುವ ಅಂಟುಪಟ್ಟಿಯ ಸುರುಳಿ ಹಿಡಿದು ಬಂದಳು. ಪಟ್ಟಿಯ ತುದಿ ಬಿಡಿಸಿ, ಹಿಂಬಾಗಿಲಿನ ಅಂಚಿಗೆ, ಆ ಗೀರಿಲ್ಲದ ಕಪ್ಪು ಚರ್ಮದ ಮೇಲೆ ಮತ್ತೆ ತೆರೆಯದ ಹಾಗೆ ಒತ್ತಿ ಅಂಟಿಸಿದಳು.

"ಅಯ್ಯೋ, ಚರ್ಮ!" ಎಂದು ಡೆಸ್ ಕುರ್ಚಿ ಬಿಟ್ಟೆದ್ದ.

ನೆವಿಲ್‌ನ ಕೈ ಮೇಲೆದ್ದು ಗಾಳಿಯಲ್ಲೇ ನಿಂತಿತು. ಆಮೇಲೆ ಅವನು ಆ ಕೈಯಿಂದಲೇ ಪಟ್ಟಿಯ ಇನ್ನೊಂದು ತುದಿಯನ್ನು ಬಿಗಿಯಾಗಿ ಎಳೆದು ಹಿಡಿದ. ಗ್ಲೆಂಡಾ ಕತ್ತರಿ ಹಾಕಿದಳು.