ನೆಲದ ಮೇಲಿನ ದೂರು

ಎಲ್ಲಪ್ಪ ಹೊಲದ ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತು ಅಳುವುದಕ್ಕೆ ಶುರುಮಾಡಿದಾಗ, ಪಂಚಾಯ್ತಿ ಯೂನಿಯನ್ ಆಫೀಸಿನ ಇಂಜಿನಿಯರ್ ಶಿವಲಿಂಗಂ ಪೆನ್ನಿನ ಮುಚ್ಚಳ ತೆಗೆದ.

"ಸಾಮಿ, ಇದಕ್ಕೆ ಮಣ್ಣು ಅಂತ ಎಸ್ರು ಅಷ್ಟೆ," ಅಂದ ಎಲ್ಲಪ್ಪ, ತಮಿಳಿಗೆ ಕನ್ನಡ ಬೆರೆಸಿ. "ಒಂದು ಸೇರು ರಾಗಿ ಚೆಲ್ಲಿದ್ರೆ ಅರ್ಧ ಸೇರು ಬತ್ತದೆ. ನೀರು ಬಾಯಿಗಿಟ್ರೆ ವಾಂತಿ. ಈ ಗುಡ್ಡದ ಉಲ್ಲು ಮೇಯ್ದ ಕುರಿ ಕಂದಾಕ್ತದೆ. ಕಾಗೆನೂ ಇಲ್ಲಿ ಕೂರಾಕಿಲ್ಲ, ಪಾರುಂಗ ಸಾಮಿ."

ಕಾಗೆ ಕೂತಿರಲಿಲ್ಲ, ನಿಜ. ಬೆಳಗಿನಿಂದ ಊರವರು ಕಲ್ಲು ಬೀಸಿ ಓಡಿಸಿದ್ದರು. ಕುರಿಗಳನ್ನು ಕೋಳಿ ಕೂಗುವ ಮುಂಚೆಯೇ ಗುಡ್ಡದ ಆಚೆಗೆ ಹೊಡೆದಿದ್ದರು. ರಾಗಿ ಬಣವೆಗೆ ಹರಳುಗಿಡದ ಒಣಕಡ್ಡಿ ಹೊದಿಸಿದ್ದರು. ಇಳಿಜಾರಿನ ಬಾವಿಯ ಬಾಯಿಗೆ ಜಾಲಿಮುಳ್ಳು ತುಂಬಿದ್ದರು. ಆ ಬಾವಿಯ ನೀರಿನಲ್ಲಿ ಬೇಳೆ ಹೂವಿನ ಹಾಗೆ ಬೇಯುತ್ತದೆಂದು ಊರಿಗೆ ಬಂದ ನೆಂಟರು ಬಿಂದಿಗೆ ತುಂಬಿಸಿಕೊಂಡು ಹೋಗುತ್ತಿದ್ದರು. ಕೆಂಚನಹಟ್ಟಿಯ ಮೂವತ್ತು ಒಲೆ, ನಾನೂರು ಕುರಿ ಬದುಕಿದ್ದೇ ಅದರಿಂದ.

ಸರ್ಕಾರದವರು ಅಳತೆ ಸರಪಳಿ ಹಿಡಿದು ಬಂದರೆಂದರೆ ಕಂದಾಯ ಏರುತ್ತದೆ. ಇದು ಬಿಳಿಯರ ಕಾಲದಿಂದ ಆ ಒಣಸೀಮೆಯವರು ಕಲಿತ ಪಾಠ. ಆದ್ದರಿಂದ ಊರಿಗೊಂದು ಬಾಯಿ ಬೇಕು, ಅಧಿಕಾರಿಯ ಮುಂದೆ ನೆಲವನ್ನು ಬೈಯುವುದಕ್ಕೆ. ಎಲ್ಲಪ್ಪನ ತಾತ ಬೈದಿದ್ದ, ಅಪ್ಪ ಬೈದಿದ್ದ. ಆದರೆ ಎಲ್ಲಪ್ಪನ ಬಾಯಿಯೇ ಬಾಯಿ. ಸುತ್ತಲ ಹಟ್ಟಿಯವರು ವೀಳ್ಯ ಕೊಟ್ಟು, ಓಲಗದವರನ್ನು ಕರೆಯುವ ಹಾಗೆ ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಮಾತು ಬಲ್ಲವ ಮಾಣಿಕ್ಯ ತಂದ ಅನ್ನುತ್ತಾರಲ್ಲ, ಅವನು ತಂದಿದ್ದು ಅದನ್ನೇ.

ಎಲ್ಲಪ್ಪ ಚಿಟಿಕೆ ಮಣ್ಣು ಬಾಯಿಗೆ ಹಾಕಿ, ಮುಖ ಕಿವುಚಿ ಉಗಿದ. ಬೇರೆ ಅಧಿಕಾರಿಗಳಾಗಿದ್ದರೆ ಈ ಹೊತ್ತಿಗೆ ಗದರುತ್ತಿದ್ದರು. ಶಿವಲಿಂಗಂ ಗದರಲಿಲ್ಲ. ಒಂದು ಮಾತೂ ಬಿಡದೆ ಬರೆದುಕೊಂಡ, ಓದಿ ಹೇಳಿದ, ಹೆಬ್ಬೆಟ್ಟು ಒತ್ತಿಸಿಕೊಂಡ. "ರೊಂಬ ನನ್ರಿ, ಪೆರಿಯವರೇ," ಎಂದು ಕೈಮುಗಿದು ಜೀಪು ಹತ್ತಿದ. ಆ ಸಂಜೆ ಊರಲ್ಲಿ ಟಗರು ಕಡಿದರು. ಎಲ್ಲಪ್ಪನಿಗೆ ಅದರ ಈಲಿಯ ತುಂಡು ಕೊಟ್ಟು ಸತ್ಕರಿಸಿದರು.

ತಿಂಗಳು ಕಳೆದು, ಎಪ್ಪತ್ತೆರಡನೇ ಇಸವಿಯ ತೈ ತಿಂಗಳಲ್ಲಿ, ಸಂಕ್ರಾಂತಿ ಮುಗಿದ ಮೇಲೆ, ಊರಿಗೆ ತಮಟೆಯವನು ಬಂದ. ಮೂರು ಮೈಲಿ ಆಚೆಯ ಬಿಳಿಕಲ್ಲಿನ ಗಣಿ ದೊಡ್ಡದಾಗುತ್ತದಂತೆ. ಗಣಿಯ ಪುಡಿಗಲ್ಲು, ಕಲ್ಲು ಸುಡುವ ಗೂಡಿನ ಬೂದಿ, ಜೊತೆಗೆ ಪೇಟೆಯ ಕಸ, ಇಷ್ಟನ್ನೂ ಸುರಿಯಲು ಯೂನಿಯನ್ನಿನವರು ಜಾಗ ಗೊತ್ತುಮಾಡಿದ್ದಾರಂತೆ. ಯಾವುದಕ್ಕೂ ಬಾರದ ನೆಲವೆಂದು ಸ್ಥಳ ವಿಚಾರಣೆಯಲ್ಲಿ ಖಚಿತವಾಗಿರುವ ಕೆಂಚನಹಟ್ಟಿ ಇಳಿಜಾರು, ಬಾವಿ ಸಮೇತ. ತಕರಾರಿದ್ದವರು ಹದಿನೈದು ದಿನದೊಳಗೆ ಓಮಲೂರಿನ ಆಫೀಸಿಗೆ ಬರಬೇಕು.

ಊರವರು ಎಲ್ಲಪ್ಪನನ್ನು ಹೊಡೆಯಲಿಲ್ಲ. ಅವನು ಬಂದರೆ ಜಗಲಿಯಿಂದ ಎದ್ದು ಹೋಗುತ್ತಿದ್ದರು. ಈಲಿಯನ್ನು ತಾನೇ ಎಲೆಗೆ ಬಡಿಸಿದ್ದ ನಂಜಯ್ಯ ಒಬ್ಬನೇ ಬಾಯಿಬಿಟ್ಟ. "ನಿನ್ ನಾಲ್ಗೆ ಊರ್ನೇ ನುಂಗ್ತಲ್ಲಲಾ," ಅಂದ.

ಎಲ್ಲಪ್ಪ ಬಾವಿಯ ನೀರನ್ನು ಚೊಂಬಿನಲ್ಲಿ ತುಂಬಿ, ಅದರ ಬಾಯಿಗೆ ಬಟ್ಟೆ ಕಟ್ಟಿ, ಬಸ್ಸು ಹತ್ತಿ ಓಮಲೂರಿಗೆ ಹೋದ. ಶಿವಲಿಂಗಂ ಅವನನ್ನು ಕೂರಿಸಿದ. ಅವನು ಕೊಟ್ಟ ನೀರು ಕುಡಿದ.

"ನಲ್ಲ ತಣ್ಣಿ, ಒಳ್ಳೆ ನೀರು," ಅಂದ, ಮೀಸೆ ಒರೆಸಿಕೊಂಡು. "ಯಾವೂರ ಬಾವಿದು?"

"ನಮ್ದೇ ಸಾಮಿ. ಅವತ್ತು ಮುಳ್ಳು ಮುಚ್ಚಿದ್ವಿ."

ಶಿವಲಿಂಗಂ ಫೈಲು ತೆಗೆದು ಓದಿದ. "ನೀರು ಬಾಯಿಗಿಟ್ಟರೆ ವಾಂತಿ. ಇದು ಯಾರ ಹೆಬ್ಬೆಟ್ಟು?"

"ನಂದೇ. ಅದು ಸುಳ್ಳು ಸಾಮಿ. ಕಂದಾಯಕ್ಕೆ ಎದರಿ ಯೋಳಿದ್ದು."

"ಅವತ್ತು ಅತ್ತಿದ್ದಿರಲ್ಲ, ಅದು?"

"ಅದೂ ಸುಳ್ಳು."

"ಹಾಗಾದರೆ ಈಗ ಅಳುತ್ತಿರುವುದು?"

ತಾನು ಅಳುತ್ತಿದ್ದೇನೆಂದು ಎಲ್ಲಪ್ಪನಿಗೆ ಆಗಲೇ ಗೊತ್ತಾದದ್ದು. ಶಿವಲಿಂಗಂ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಕಾಲಾದರೂ ಹಿಡಿಯಬಹುದಿತ್ತು. ಇವನು ನ್ಯಾಯವಾಗಿ ಕೇಳುತ್ತಿದ್ದ. ಶಿವಲಿಂಗಂ ಫೈಲು ಮುಚ್ಚಿ, ಉಳಿದ ನೀರನ್ನೂ ಕುಡಿದು ಚೊಂಬು ವಾಪಸು ಕೊಟ್ಟ.

ಹೊರಗೆ ವರಾಂಡದಲ್ಲಿ ಗುಮಾಸ್ತ ವೆಂಕಟಾಚಲಂ ಬೀಡಿ ಸೇದುತ್ತಿದ್ದ. ಮುದುಕನನ್ನು ನೋಡಿ ಅವನಿಗೆ ಅಯ್ಯೋ ಅನ್ನಿಸಿರಬೇಕು. "ಪಟ್ಟಿಯಲ್ಲಿ ಇನ್ನೊಂದು ಊರಿದೆ, ಪೆರಿಯವರೇ. ಬಂಡೆಹಟ್ಟಿ. ಗುರುವಾರ ಸಾರ್ ಅಲ್ಲಿಗೆ ಅಳತೆಗೆ ಹೋಗುತ್ತಾರೆ. ನಿಮ್ಮದಕ್ಕಿಂತ ಅದೇ ಕೆಟ್ಟ ನೆಲ ಅಂತ ಬಂದರೆ ನಿಮ್ಮದನ್ನು ಬಿಡುತ್ತಾರೆ. ಸುರಿಯಲು ಒಂದೇ ಜಾಗ ಸಾಕು."

"ಅಲ್ಲಿಯೋರ್ಗೆ ಗೊತ್ತಾ?"

"ಅಳತೆ ಅಂತ ಗೊತ್ತು. ಯಾತಕ್ಕೆ ಅಂತ ಯಾರು ಹೇಳುತ್ತಾರೆ?"

ಬಂಡೆಹಟ್ಟಿಯೆಂದರೆ ಎಲ್ಲಪ್ಪ ತನ್ನ ಮಗಳು ಸಪ್ಪಲಮ್ಮನನ್ನು ಕೊಟ್ಟ ಊರು. ಮನೆಗೆ ಬಂದು ಹೆಂಡತಿ ರಾಮಕ್ಕನಿಗೆ ಎಲ್ಲ ಹೇಳಿದ. ಅವಳು ಕಂಬಳಿಯ ಮೇಲಿನ ರಾಗಿ ಕೇರುವುದನ್ನು ನಿಲ್ಲಿಸಲಿಲ್ಲ.

"ಅಲ್ಲಿ ಮಗಳವ್ಳೆ," ಅಂದಳು.

"ಇಲ್ಲಿ ಊರೈತೆ," ಅಂದ ಎಲ್ಲಪ್ಪ.

ಬುಧವಾರ ಮಧ್ಯಾಹ್ನ ಸಪ್ಪಲಮ್ಮ ಗಂಡನ ಜೊತೆ ಬಂದಳು. ಸೊಂಟದಲ್ಲಿ ವರ್ಷ ತುಂಬದ ಹೆಣ್ಣುಮಗು, ಸೆರಗಿನಲ್ಲಿ ವೀಳ್ಯದೆಲೆ. ಅಳಿಯ ಪೆರುಮಾಳ್ ಮಾವನ ಮುಂದೆ ತಲೆ ಎತ್ತದವನು, ವಿಷಯವನ್ನು ಹೆಂಡತಿಯೇ ಹೇಳಲಿ ಎಂದು ಬಾಗಿಲ ಬಳಿ ಕೂತ.

"ಅಪ್ಪಾ, ನಾಳೆ ನಮ್ಮೂರಿಗೆ ಅಳತೆಯೋರು ಬತ್ತಾರಂತೆ. ನಿನ್ನೇ ಕರ್ಕೊಂಡು ಬಾ ಅಂತ ಊರೋರೆಲ್ಲ ಯೋಳವ್ರೆ. ಕಂದಾಯ ಏರಿಸಿದ್ರೆ ನಾವು ಉಳಿಯಾಕಿಲ್ಲ."

ಎಲ್ಲಪ್ಪನ ನಾಲಿಗೆಯ ತುದಿಗೆ ಮಾತು ಬಂತು. ಹೊಗಳ್ರೇ ನಿಮ್ಮ ನೆಲಾನ, ಬಂಗಾರ ಬೆಳೀತದೆ ಅಂತ ಯೋಳ್ರೇ. ಅಷ್ಟು ಹೇಳಿದರೆ ಮಗಳ ಮನೆ ಉಳಿಯುತ್ತಿತ್ತು. ಆದರೆ ತನ್ನೂರ ಬಾವಿಯ ಮೇಲೆ ಕಸದ ಲಾರಿ ನಿಲ್ಲುತ್ತಿತ್ತು. ಮೂವತ್ತು ಮನೆಯವರು ಸಾಯುವ ತನಕ ಅವನನ್ನು ಕಂಡರೆ ಜಗಲಿಯಿಂದ ಏಳುತ್ತಿದ್ದರು. ಅವನು ರಾಮಕ್ಕನ ಮುಖ ನೋಡಿದ. ಹೆತ್ತವಳು, ಅವಳೇ ಹೇಳಲಿ.

"ಬಿಸ್ಲಲ್ಲಿ ಬಂದವ್ರೆ. ಮೊದ್ಲು ಉಣ್ಲಿ," ಅಂದು ರಾಮಕ್ಕ ಒಳಗೆ ಹೋದಳು. ಮುದ್ದೆಗೆ ನೀರಿಟ್ಟ ಸದ್ದು ಕೇಳಿಸಿತು.

"ನಾ ಬರಾಕಿಲ್ಲ," ಅಂದ ಎಲ್ಲಪ್ಪ. "ಆ ಸಾಮಿಗೆ ನನ್ ಮೊಖ ಗೊತ್ತು. ನಿಮ್ಮೂರೋರೇ ಯೋಳ್ಬೇಕು."

"ಯಾರು ಯೋಳ್ತಾರೆ? ಇವರಿಗೆ ಬಾಯೇ ಇಲ್ಲ."

ಪೆರುಮಾಳ್‌ನಿಂದ ಹೇಳಿಸಿ ನೋಡಿದ. ಕಲ್ಲಿಗೆ ಕಲಿಸಬಹುದಿತ್ತು. ಮಣ್ಣು ಕೆಟ್ಟದು ಅನ್ನುವುದನ್ನು ಮಣ್ಣು ಮಾರುವವನ ಹಾಗೆ ಹೇಳಿದ. ಸಪ್ಪಲಮ್ಮ ನಕ್ಕುಬಿಟ್ಟಳು. "ಬಿಡು ಅಪ್ಪಾ, ನಾನೇ ಯೋಳ್ತೀನಿ," ಎಂದು ಮಗುವನ್ನು ಕಂಬಳಿಯ ಮೇಲೆ ಕೂರಿಸಿ, ಎಲ್ಲಪ್ಪನ ಎದುರಿಗೆ ಕೂತಳು.

ಅವಳು ಬಾಯಿ ತೆರೆದಳು ನೋಡಿ, ಎಲ್ಲಪ್ಪ ಮುಂದಕ್ಕೆ ಬಾಗಿದ. ತಾತನಿಗೂ ಇಲ್ಲದ ಗಂಟಲು, ತನಗೂ ಇಲ್ಲದ ನಿಧಾನ. ಕುಯ್ದ ರಾಗಿಯಲ್ಲಿ ಜೊಳ್ಳೇ ಹೆಚ್ಚು ಅಂದಳು. ಬಾವಿ ನೀರು ಕುಡಿದು ತನಗೆ ಎರಡು ಬಸಿರು ಹೋಯಿತು, ಮೂರನೆಯದಕ್ಕೆ ಇದೊಂದು ಉಳಿದಿದೆ, ಇದೂ ಉಳಿಯುತ್ತದೆ ಅನ್ನುವ ನಂಬಿಕೆ ಇಲ್ಲ ಅಂದಳು. ಯಾರೂ ಹೇಳಿಕೊಟ್ಟಿರದ ಮಾತು ಅದು. ಕಣ್ಣೀರು ತಾನಾಗಿ ಇಳಿಯಿತು. ಮಗಳ ವಿದ್ಯೆ ಕಂಡು ಎಲ್ಲಪ್ಪನಿಗೆ ಹೆಮ್ಮೆಯಾಯಿತು, ಆ ಹೆಮ್ಮೆಗೆ ಅವನಿಗೇ ಅಸಹ್ಯವಾಯಿತು.

ಅಮ್ಮ ಅಳುವುದನ್ನು ಕಂಡು ಮಗು ಕಿಟಾರನೆ ಕಿರುಚಿತು. ಸಪ್ಪಲಮ್ಮ ಒದ್ದೆ ಮುಖದಲ್ಲೇ ನಗುತ್ತಾ ಅದನ್ನು ಎತ್ತಿಕೊಂಡಳು.

"ಸುಮ್ಕಿರೇ ಕೂಸೇ, ಸುಳ್ಳಿಗೆ ಅತ್ತಿದ್ದು ಕಣೇ. ಸರೀಗಿತ್ತಾ ಅಪ್ಪಾ?"

ರಾಮಕ್ಕ ಬಾಗಿಲಿಗೆ ಬಂದು ಎರಡೂ ಕೈ ಚಾಚಿದಳು. ಮಗುವನ್ನು ಎದೆಗೆ ಅವುಚಿಕೊಂಡು, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು.

"ನೀರಿನ ಮಾತು ಬೇಗ ಆಯ್ತು," ಅಂದ ಎಲ್ಲಪ್ಪ. "ಅಲ್ಲಿ ವಸಿ ನಿಲ್ಲು. ಅವ್ನು ಬರ್ಕೊಳ್ಳೋಗಂಟ ನಿಲ್ಲು. ಇನ್ನೊಂದ್ಸಲ ಯೋಳು."

ಸಪ್ಪಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕೂತಳು. ಒಳಗೆ ಮಗು ಇನ್ನೂ ಅಳುತ್ತಲೇ ಇತ್ತು. ಅದು ಮುಗಿಯಲೆಂದು ಅವಳು ಕಾದಳು.