ನನ್ನ ಮೂಲೆಯ ‘ಯೇ?’

ಅಂಗೈ ಅಗಲದ ಕಾಗದದ ಚೂರೊಂದು ತನ್ನ ಕತೆ ಹೇಳಲು ಹೊರಟಿದೆ, ಓದುಗರು ಕ್ಷಮಿಸಬೇಕು. ನಾನು ಪತ್ರಿಕೆಯಿಂದ ಕತ್ತರಿಸಿದ ಒಂದು ಸುದ್ದಿ. ನನ್ನ ಮೈಮೇಲೆ ಏನು ಬರೆದಿದೆ ಎಂದು ನನಗೇ ಬಹಳ ದಿನ ತಿಳಿದಿರಲಿಲ್ಲ. ಓದು ಕಲಿತದ್ದು ತಡವಾಗಿ, ಅದೂ ಸಂಜೆ ತರಗತಿಯಲ್ಲಿ. ಎಲ್ಲಾದರೂ ತಪ್ಪಿದರೆ ತಿದ್ದಿಕೊಳ್ಳಿ.

ಮುದ್ರಣಯಂತ್ರದ ಬಿಸಿಯಲ್ಲಿ ಹುಟ್ಟಿದೆ. ಸೀರೆ ಜಾಹೀರಾತಿನ ಪಕ್ಕದಲ್ಲಿ ನನಗೆ ಜಾಗ. ತಲೆಬರಹದ ಅಕ್ಷರ ದಪ್ಪ, ಒಳಗಿನದು ಸಾಸಿವೆಯಷ್ಟು. ಬಸ್ಸಿನಲ್ಲಿ ಮದ್ದೂರಿಗೆ ಬಂದೆ.

ಅಲ್ಲಿ ನನ್ನನ್ನು ಕತ್ತರಿಸಿ ತೆಗೆದವರು ಜವರಪ್ಪ. ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಅವರು ನನ್ನನ್ನು ಎಡಗೈ ಬೆರಳುಗಳ ನಡುವೆ ಹಿಡಿದದ್ದೇ ತಡ, ಬಲಗೈ ತಾನಾಗಿಯೇ ಬಂದು ನನ್ನ ಮೇಲಿನ ಮೂಲೆಯನ್ನು ಚರಕ್ಕನೆ ಚಿವುಟಿತು. ಟಿಕೆಟ್ ಹರಿದು ಪಳಗಿದ ಕೈ. ಆ ಮನೆಯಲ್ಲಿ ಕರೆಂಟ್ ಬಿಲ್ಲಿಗೂ ಮದುವೆ ಕಾಗದಕ್ಕೂ ಮೂಲೆ ಇರಲಿಲ್ಲ. ನನಗೆ ಚುರುಕ್ ಎಂದಿತು. ಏನು ಕಳೆದುಕೊಂಡೆ ಎಂಬುದು ಗೊತ್ತಾಗಲಿಲ್ಲ.

ಉಳಿದ ತಲೆಬರಹವನ್ನು ಅವರು ಮನೆಗೆಲ್ಲ ಕೇಳುವಂತೆ ಓದಿದರು: ‘ಮೆಂತ್ಯದ ನೀರಿನಿಂದ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ’. ಅಂದೇ ಅವರ ಸಕ್ಕರೆ ಕಾಯಿಲೆಯ ಮಾತ್ರೆ ನಿಂತಿತು. ಯಾರು ಏನೇ ಅಂದರೂ ಜೇಬಿನಿಂದ ನನ್ನನ್ನು ತೆಗೆದು ತೋರಿಸುವರು. “ಪೇಪರ್‌ನೋರೇ ಹಾಕವ್ರೆ ಕಣಯ್ಯ!” ನನಗೂ ಹೆಮ್ಮೆ. ಮೂರನೆಯ ವಾರ ಬಸ್ ನಿಲ್ದಾಣದಲ್ಲಿ ಅವರಿಗೆ ತಲೆ ಸುತ್ತಿತು. ಎದೆಯ ಜೇಬಿನಲ್ಲಿದ್ದ ನಾನು ಅವರ ಬೆವರಿಗೆ ಒದ್ದೆಯಾದೆ. ಹೆಮ್ಮೆ ಇಳಿದುಹೋಯಿತು.

ಮೊಮ್ಮಗಳು ಸ್ಫೂರ್ತಿ ಒಂಬತ್ತನೆಯ ತರಗತಿ. ತಾತನೆಂದರೆ ಪ್ರಾಣ. ಮಾತ್ರೆ ತಗೊಳ್ಳಿ ಎಂದು ಬೇಡಿದಳು, ಮಾತು ಬಿಟ್ಟಳು. ಜವರಪ್ಪ ಜಗ್ಗಲಿಲ್ಲ. ಅದೇ ವಾರ ವಿಜ್ಞಾನದ ಇಂದ್ರಾಣಿ ಮೇಡಂ, ಸಂಜೆಯ ವಿಶೇಷ ತರಗತಿಗೆ ಎಲ್ಲರೂ ಒಂದೊಂದು ಆರೋಗ್ಯದ ಸುದ್ದಿ ತರಬೇಕೆಂದು ಹೇಳಿದ್ದರು. ತಾತನ ಅಂಗಿ ಒಗೆಯಲು ಬಿದ್ದಾಗ ಸ್ಫೂರ್ತಿ ನನ್ನನ್ನು ಎತ್ತಿಕೊಂಡಳು.

ಮೇಡಂ ಕಪ್ಪುಹಲಗೆಯ ಮೇಲೆ ಬರೆದರು: ಹೇಳಿದವರು ಯಾರು? ಪರೀಕ್ಷೆ ಮಾಡಿದ್ದು ಯಾರ ಮೇಲೆ? ಎಷ್ಟು ಜನ? ಎಷ್ಟು ದಿನ?

“ತಲೆ ನೋಡಿದ್ದು ಸಾಕು, ಹೊಟ್ಟೆಯೊಳಗೆ ಏನಿದೆ ಓದ್ರಪ್ಪ” ಎಂದರು.

ನನ್ನ ಹೊಟ್ಟೆಯನ್ನು ಅದುವರೆಗೆ ಯಾರೂ ಓದಿರಲಿಲ್ಲ. ಸ್ಫೂರ್ತಿಯ ಬೆರಳಿನ ಹಿಂದೆ ನಾನೂ ಅಕ್ಷರ ಕೂಡಿಸುತ್ತಾ ಹೋದೆ.

“ಮೇಡಂ, ಹದಿನಾರು...” ಅವಳು ತಡವರಿಸಿದಳು. “ಹದಿನಾರು ಇಲಿ ಮೇಡಂ!”

ತರಗತಿ ಗೊಳ್ಳೆಂದಿತು. ಮೇಡಂ ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು, “ಈ ಮೂಲೆ ಎಲ್ಲಿ?” ಎಂದರು. ಗ್ರಂಥಾಲಯದ ಹಳೆಯ ಕಟ್ಟಿನಿಂದ ಅದೇ ದಿನದ ಪತ್ರಿಕೆ ತರಿಸಿದರು. ಅದರಲ್ಲಿ ನನ್ನ ಅವಳಿ, ಮೂಲೆ ಸಮೇತ: ‘ವಾಸಿಯಾಗುತ್ತದೆಯೇ?’

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನನ್ನ ಮೇಲಿದ್ದದ್ದು ಪ್ರಶ್ನೆ. ಉತ್ತರವೆಂದು ಊರೆಲ್ಲ ಸುತ್ತಿ ಬಂದಿದ್ದೆ.

ಸ್ಫೂರ್ತಿ ನಮ್ಮಿಬ್ಬರನ್ನೂ ಮನೆಗೆ ಒಯ್ದು ತಾತನ ಮುಂದೆ ಹರಡಿದಳು. ಜವರಪ್ಪ ಕನ್ನಡಕ ಏರಿಸಿ ನನ್ನ ಹರಿದ ಮೂಲೆಯನ್ನು ಅವಳಿಯ ಮೂಲೆಗೆ ಹೊಂದಿಸಿ ನೋಡಿದರು.

“ನಾನೇ ಕಿತ್ತಾಕ್ಬುಟ್ನಾ?”

“ಹೂಂ ತಾತ. ಈ ಬಸ್ಸಲ್ಲಿ ಮನುಷ್ಯರೇ ಇಲ್ಲ. ಹದಿನಾರು ಪ್ಯಾಸೆಂಜರೂ ಇಲಿಗಳೇ.”

“ಟಿಕೆಟ್ ತಗಂಡಿದ್ವಂತಾ?”

ಸ್ಫೂರ್ತಿ ನಕ್ಕಳು. ನಗುತ್ತಲೇ ನನ್ನ ಕೊನೆಯ ಸಾಲಿಗೆ ಬೆರಳಿಟ್ಟಳು: ‘ಮಾತ್ರೆ ನಿಲ್ಲಿಸಬಾರದು ಎಂದು ಸಂಶೋಧಕರು ಹೇಳಿದ್ದಾರೆ.’ ಓದುವಾಗ ಅವಳ ದನಿ ಒಡೆಯಿತು.

“ಅಳ್ಬ್ಯಾಡ ಕಣವ್ವ. ನಡಿ, ಈಗ್ಲೇ ಡಾಕ್ಟ್ರತ್ರ ಹೋಗವ” ಎಂದು ಜವರಪ್ಪ ಎದ್ದರು. ಬಾಗಿಲು ದಾಟುವಾಗ ಬಸ್ಸಿನ ಮೈ ಬಡಿದಂತೆ ಕದಕ್ಕೆ ಎರಡು ಏಟು ಕೊಟ್ಟರು: “ರೈಟ್, ರೈಟ್!”

ಈಗ ನಾನು ರಟ್ಟಿಗೆ ಅಂಟಿಕೊಂಡು ಶಾಲೆಯ ಬೀರುವಿನಲ್ಲಿದ್ದೇನೆ. ಮೈ ಹಳದಿಯಾಗಿದೆ. ಮೂಲೆಯ ಜಾಗದಲ್ಲಿ ಸ್ಫೂರ್ತಿ ಕೆಂಪು ಶಾಯಿಯಲ್ಲಿ ಬರೆದ ‘ಯೇ?’ ಇದೆ. ವರ್ಷಕ್ಕೊಮ್ಮೆ ಮೇಡಂ ಅವರ ಆ ತರಗತಿಗೆ ಹೊರಬರುತ್ತೇನೆ, ಇಲಿಗಳ ಸಾಲು ಬಂದಾಗ ಹೊಸ ಮಕ್ಕಳೂ ನಗುತ್ತಾರೆ.

ಮೆಂತ್ಯದ ನೀರು ಮನುಷ್ಯರಿಗೆ ಏನು ಮಾಡುತ್ತದೆ, ನನಗೆ ಗೊತ್ತಿಲ್ಲ. ಅದು ನನ್ನೊಳಗೆ ಬರೆದಿಲ್ಲ. ಸ್ಫೂರ್ತಿ ಶಾಲೆ ಮುಗಿಸಿ ಹೋಗಿ ಮೂರು ವರ್ಷವಾಯಿತು. ಜವರಪ್ಪ ಮಾತ್ರೆ ತಪ್ಪದೆ ನುಂಗುತ್ತಿದ್ದಾರೆಯೇ? ಅದೂ ಗೊತ್ತಿಲ್ಲ. ನನ್ನ ಹತ್ತಿರ ‘ಯೇ?’ ಮಾತ್ರ ಇದೆ.