ಅತ್ತೆ ಎಳೆದ ರಾಗ

ನಮ್ಮಪ್ಪನ ಪ್ರಕಾರ ಸಂಗೀತ ಹುಟ್ಟಿದ್ದು ಸಾವಿರದ ಒಂಬೈನೂರ ಎಪ್ಪತ್ತರಲ್ಲಿ, ಮುಗಿದದ್ದು ಎಪ್ಪತ್ತೊಂಬತ್ತರಲ್ಲಿ. ಅದಕ್ಕೆ ಹಿಂದಿನದೆಲ್ಲ ತಾಲೀಮು, ಆಮೇಲಿನದೆಲ್ಲ ಬರೀ ಗಲಾಟೆ.

ಅಪ್ಪನದು ಕನ್ನಡಕದ ಅಂಗಡಿ. ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತ ಅಕ್ಷರ ಓದಿಸುವಾಗ, ನಡುವೆ ಇಂಗ್ಲಿಷ್ ರಾಕ್ ತಂಡಗಳಲ್ಲಿ ಲೆಡ್ ಜೆಪ್ಪೆಲಿನ್ ದೊಡ್ಡದೋ ಡೀಪ್ ಪರ್ಪಲ್ ದೊಡ್ಡದೋ ಎಂದು ಕೇಳಿಬಿಡುತ್ತಾನೆ. ಎರಡರಲ್ಲಿ ಯಾವುದು ಹೇಳಿದರೂ ಕನ್ನಡಕದ ಡಬ್ಬಿ ಪುಕ್ಕಟೆ. ಪಿಂಕ್ ಫ್ಲಾಯ್ಡ್ ಎಂದವರಿಗೆ ಸಿಗುವುದು ಒಂದು ನಿಟ್ಟುಸಿರು. ಆ ತಂಡ ಒಂದು ಹಾಡು ಮುಗಿಸುವಷ್ಟರಲ್ಲಿ ತಾನು ಎರಡು ಕನ್ನಡಕ ಮಾರಬಹುದು ಎಂಬುದು ಅವನ ದೂರು. ಈ ಹೆಸರುಗಳನ್ನೇ ಕೇಳಿಲ್ಲ ಎಂದವರ ಕಣ್ಣನ್ನು ಮೊದಲಿನಿಂದ ಪರೀಕ್ಷೆ ಮಾಡುತ್ತಾನೆ.

ಅವನಿಗೆ ಎಲ್ಲದರಲ್ಲೂ ಗಡಿಬಿಡಿ. ಪ್ರಾಯದಲ್ಲಿ ಡ್ರಮ್ ಬಾರಿಸುತ್ತಿದ್ದವನಿಗೆ ಈಗಲೂ ಕೈ ಸುಮ್ಮನಿರುವುದಿಲ್ಲ. ಊಟದ ಮೇಜು, ಗಲ್ಲಾಪೆಟ್ಟಿಗೆ, ಅಮ್ಮನ ತಾಳ್ಮೆ, ಯಾವುದನ್ನೂ ಬಿಡದೆ ಬಾರಿಸುತ್ತಾನೆ.

ರಸ್ತೆಯ ಎದುರು ಬದಿಗೆ ಅವನ ಅಕ್ಕನ ಲಾಂಡ್ರಿ. ಅಂದರೆ ನನ್ನ ಸೋದರತ್ತೆಯದು. ಮನೆಯಲ್ಲಿ ಅವಳಿಗೆ ಅಡ್ಡಹೆಸರು ‘ರಾಗ’. ಗೊತ್ತಿಲ್ಲದವರು ಇದನ್ನು ಹೊಗಳಿಕೆ ಅಂದುಕೊಳ್ಳುತ್ತಾರೆ. ಇದು ರಾಗ ಎಳೆಯುವವಳು ಎಂಬುದರ ಮೊಟಕು ರೂಪ. ವಿಚಿತ್ರವೆಂದರೆ ಅತ್ತೆಯಷ್ಟು ಚುರುಕಿನ ಹೆಂಗಸನ್ನು ನಾನು ನೋಡಿಲ್ಲ. ನೀವು ‘ಈ ಕೋಟಿನ ಮೇಲೆ ಕಾಫಿ ಕಲೆ’ ಎಂದು ಮಾತು ಮುಗಿಸುವುದರೊಳಗೆ ಕಲೆಗೆ ಔಷಧಿ ಬಿದ್ದಿರುತ್ತದೆ. ಆದರೂ ಅವಳು ಮದುವೆ ಮನೆಗೆ ಒಂದು ಗಳಿಗೆ ತಡವಾಗಿ ಬಂದರೆ ಸಾಕು, ‘ರಾಗ ಬಂತು’ ಎಂದು ಎಲ್ಲರೂ ಕಿಸಕ್ಕೆನ್ನುತ್ತಾರೆ. ಅತ್ತೆಯೂ ನಗುತ್ತಾಳೆ. ಚಿಕ್ಕವಳಿದ್ದಾಗ ನಾನೂ ಹಾಗೆ ಕರೆದು ಮಿಠಾಯಿ ಗಿಟ್ಟಿಸಿದ್ದುಂಟು.

ಆ ಹೆಸರು ಬಿದ್ದದ್ದು ಅಪ್ಪನಿಂದ. ಆಗ ಅಪ್ಪನದೊಂದು ಪುಟ್ಟ ತಂಡವಿತ್ತು. ಗಿಟಾರಿಗೆ ಈಗ ಬೇಕರಿ ಇಟ್ಟಿರುವವರು, ಬೇಸ್ ಗಿಟಾರಿಗೆ ಈಗ ಹಲ್ಲಿನ ಡಾಕ್ಟರಾಗಿರುವವರು, ಹಾಡಲು ಅತ್ತೆ. ಆಗಷ್ಟೇ ಮದುವೆಯಾಗಿ ಲಾಂಡ್ರಿ ಸೇರಿದ್ದಳು. ಬೇಕರಿಯವರ ಮನೆಯಲ್ಲಿ ಮಾತ್ರ ರೆಕಾರ್ಡ್ ಪ್ಲೇಯರ್ ಇತ್ತು. ಗಂಡಸರು ಮೂವರೂ ಅಲ್ಲೇ ಬಿದ್ದಿರುತ್ತಿದ್ದರು. ಅಕ್ಕನಿಗೆ ಕೆಲಸ ಬಿಟ್ಟು ಬರಲಾಗದು ಎಂದು ಅಪ್ಪ ಡೀಪ್ ಪರ್ಪಲ್‌ನ ಹಾಡುಗಳನ್ನು ಕ್ಯಾಸೆಟ್ಟಿಗೆ ಇಳಿಸಿಕೊಟ್ಟ. ಅತ್ತೆ ಇಸ್ತ್ರಿ ಮಾಡುತ್ತ, ಲಾಂಡ್ರಿಯ ಟೇಪ್ ರೆಕಾರ್ಡರ್‌ನಲ್ಲಿ ಅದನ್ನು ಕೇಳುತ್ತ, ಪದ ಪದ ಬಾಯಿಪಾಠ ಮಾಡಿದಳು.

ಕಾರ್ಯಕ್ರಮದ ಹಿಂದಿನ ದಿನ ಎಲ್ಲರೂ ಕೂಡಿ ನುಡಿಸಿದಾಗ ಅತ್ತೆ ಹಿಂದೆ, ಅಪ್ಪ ಮುಂದೆ. ಶ್ರುತಿಯೂ ಕೂಡಲಿಲ್ಲ. ನೀನು ಓಡುತ್ತೀಯ ಎಂದು ಅವಳು, ನೀನು ತೆವಳುತ್ತೀಯ ಎಂದು ಅವನು. ಕೊನೆಗೆ ಅಪ್ಪ ಕೋಲು ಬಿಸಾಕಿ, ಬಾಗಿಲಲ್ಲಿ ನಿಂತಿದ್ದ ನೆರೆಹೊರೆಯವರ ಎದುರೇ ಹೇಳಿದನಂತೆ: “ನಿಂಗೆ ತಾಳ ಅನ್ನೋದೇ ಇಲ್ಲ ಅಕ್ಕ. ಬರೀ ರಾಗ ಎಳೀತೀಯ.”

ಮಾರನೆಯ ದಿನ ಬೇಕರಿಯವರೇ ಹಾಡಿದರು. ಅದನ್ನು ಕೇಳಿದವರು ಇಂದಿಗೂ ಅವರ ಹತ್ತಿರ ಬ್ರೆಡ್ಡಿನ ವಿಷಯ ಬಿಟ್ಟು ಬೇರೆ ಮಾತಾಡುವುದಿಲ್ಲ.

ಅಕ್ಕ ತಮ್ಮ ಮಾತು ಬಿಡಲಿಲ್ಲ. ಅಷ್ಟೇ ಅಲ್ಲ, ಒಬ್ಬರನ್ನೊಬ್ಬರು ಬಿಟ್ಟಿರಲಾರರು. ಆದರೆ ಅತ್ತೆ ಹಾಡುವುದನ್ನು ಬಿಟ್ಟಳು. ನಲವತ್ತು ವರ್ಷದ ಮೇಲಾಯಿತು. ಇಸ್ತ್ರಿ ಮೇಜಿನ ಮೇಲಿನ ಹಲಗೆಯಲ್ಲಿ ಅದೇ ಟೇಪ್ ರೆಕಾರ್ಡರ್ ದಿನವೂ ಹಾಡುತ್ತದೆ, ಅವಳ ತುಟಿ ಆಡುತ್ತದೆ, ದನಿ ಹೊರಡುವುದಿಲ್ಲ.

ಈ ಸಲ ಬೇಕರಿಯವರಿಗೆ ಎಪ್ಪತ್ತು ತುಂಬುವುದಿತ್ತು. ಹುಟ್ಟುಹಬ್ಬಕ್ಕೆ ಬೇರೇನೂ ಬೇಡ, ಹಳೆಯ ತಂಡ ಒಂದು ಸಂಜೆ ನುಡಿಸಬೇಕು ಎಂದು ಹಟ ಹಿಡಿದರು. ತಾವು ಹಾಡುವುದಿಲ್ಲ ಎಂದೂ ಮಾತು ಕೊಟ್ಟರು. ಅಕ್ಕನನ್ನು ನಾನು ಕೇಳಲಾರೆ ಎಂದು ಅಪ್ಪ ಕೈಚೆಲ್ಲಿದ. ಈ ಮನೆಯಲ್ಲಿ ಕಷ್ಟದ ಮಾತುಗಳನ್ನು ಹೊತ್ತು ರಸ್ತೆ ದಾಟುವ ಕೆಲಸ ಯಾವಾಗಲೂ ನನ್ನದೇ. ಗೊಣಗುತ್ತ ಹೋದೆ.

ಅತ್ತೆ ಉಗಿಯ ನಡುವೆ ಬಿಳಿ ಅಂಗಿಯೊಂದರ ಕಾಲರ್ ತಿದ್ದುತ್ತಿದ್ದಳು. ಮಾವ ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದರು. ಟೇಪ್ ರೆಕಾರ್ಡರ್‌ನಲ್ಲಿ ಫ್ಲೀಟ್‌ವುಡ್ ಮ್ಯಾಕ್ ತಂಡದ ಹಾಡು, ಅಪ್ಪನ ಅಂಗಡಿಯಲ್ಲಿ ನಾನು ನೂರು ಸಲ ಕೇಳಿದ್ದದ್ದು. ನಾನು ವಿಷಯ ಹೇಳಿದೆ. ಅತ್ತೆ ನಕ್ಕು ತಳ್ಳಿಹಾಕಿದಳು. ನಾನು ಬಿಡಲಿಲ್ಲ. ಆಗ ಅವಳು ಇಸ್ತ್ರಿಪೆಟ್ಟಿಗೆ ಎತ್ತಿಟ್ಟಳು.

“ಮಕ್ಕಳನ್ನ ಮಲಗಿಸೋವಾಗ್ಲೂ ಹಾಡಲಿಲ್ಲ ಕಣೇ ನಾನು. ಬೆನ್ನು ತಟ್ಟಿ ಮಲಗಿಸಿದೆ. ತಾಳ ಇಲ್ದೋಳು ಹಾಡಿ ಅವರ ಕಿವಿ ಯಾಕೆ ಕೆಡಿಸಲಿ?”

ಅವಳು ಅಳಲಿಲ್ಲ. ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ಮಿಠಾಯಿ ತಿಂದ ನನ್ನ ಮೇಲೂ ಬಂತು. ಮಾತು ಬದಲಿಸಲು, ಈ ಹಾಡುವ ಹೆಂಗಸಿನ ದನಿ ಎಷ್ಟು ಚೆಂದ ಅಲ್ಲವೇ ಎಂದೆ.

“ಹೆಂಗಸಾ? ಇದು ಗಂಡಸಲ್ವೇನೆ?” ಎಂದಳು ಅತ್ತೆ.

ಕಿವಿಗೊಟ್ಟು ಕೇಳಿದೆ. ಹೌದು, ಗಂಡಸಿನಂತೆಯೇ ಇತ್ತು. ಯಾವುದೋ ನಿದ್ದೆಗಣ್ಣಿನ ಗಂಡಸು. ಫೋನಿನಲ್ಲಿ ಅದೇ ಹಾಡು ಹುಡುಕಿ, ಕ್ಯಾಸೆಟ್ಟನ್ನೂ ಮೊದಲಿಗೆ ಸುತ್ತಿ, ಎರಡನ್ನೂ ಒಟ್ಟಿಗೆ ಬಿಟ್ಟೆ. ಫೋನು ಮುಂದೆ ಮುಂದೆ ಓಡಿತು, ಟೇಪ್ ರೆಕಾರ್ಡರ್ ಹಿಂದೆ ಹಿಂದೆ ಉಳಿಯಿತು. ಫೋನಿನಲ್ಲಿ ಹಾಡು ಮುಗಿದಾಗ ಟೇಪಿನ ‘ಗಂಡಸು’ ಇನ್ನೂ ಕೊನೆಯ ಸಾಲುಗಳನ್ನು ಹುಡುಕಿಕೊಂಡು ಬರುತ್ತಿದ್ದ.

ಹಿಂಬದಿ ಬಿಚ್ಚಿ ನೋಡಿದರೆ ಟೇಪು ತಿರುಗಿಸುವ ರಬ್ಬರ್ ಬೆಲ್ಟ್ ಜೋಲುಬಿದ್ದಿತ್ತು; ಟೇಪು ನಿಧಾನವಾಗಿ ದನಿಯೂ ತಗ್ಗಿತ್ತು. ಬೀಳದೆ ಏನು ಮಾಡೀತು, ಇಡೀ ದಿನ ಕೆಳಗಿನಿಂದ ಇಸ್ತ್ರಿಯ ಕಾವು, ಉಗಿ. ಕಿತ್ತುಹೋದಾಗಲೆಲ್ಲ ಹೊಸದು ಹಾಕಿದ್ದೇನಲ್ಲ ಎಂದು ಮಾವ ಸಮಜಾಯಿಷಿ ಕೊಟ್ಟರು. ನಲವತ್ತು ವರ್ಷದಿಂದಲೂ ಹಾಕಿ ಮತ್ತೆ ಅದೇ ಹಲಗೆಯ ಮೇಲೆ ಇಡುತ್ತಿದ್ದರು.

“ಹೊಸ ಬೆಲ್ಟಿಗೆ ಮೊದ್ಲು ಸ್ವಲ್ಪ ಆತುರ ಇರೋದು,” ಎಂದರು ಮಾವ, ಬಹಳ ತಿಳಿದವರಂತೆ. “ನಾಲ್ಕು ದಿನಕ್ಕೆ ಹೊಂದ್ಕೊಳ್ಳೋದು. ಹೊಸ ಚಪ್ಪಲಿ ಥರ ಅಂದ್ಕೊಂಡಿದ್ದೆ.”

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ. ಸ್ಟೂಲಿನ ಮೇಲೆ ಮೆಲ್ಲಗೆ ಕುಳಿತಳು.

“ಹಂಗಾದ್ರೆ ನಾನು ಹಾಡಿದ್ದು, ಈ ಹಾಡೋ ಪೆಟ್ಟಿಗೆ ಲೆಕ್ಕಕ್ಕೆ ಸರಿಯಾಗಿತ್ತಾ?”

ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ ಎಂದೆ. ತಾಳವೂ ಅವಳದೇ ಸರಿ, ಶ್ರುತಿಯೂ ಅವಳದೇ ಸರಿ. ಅತ್ತೆ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ತನ್ನ ಫೋನು ಚಾಚಿ, ಆ ಪರ್ಪಲ್‌ನ ಹಾಡನ್ನು ಇದರಲ್ಲಿ ಹಾಕಿಕೊಡು, ಸರಿಯಾದದ್ದನ್ನು, ಎಂದಳು.

ರಸ್ತೆ ದಾಟಿ ಬಂದು ಅಪ್ಪನಿಗೆ ಎಲ್ಲ ಒದರಿದೆ. ಗಿರಾಕಿಯೊಬ್ಬರು ಆಗಷ್ಟೇ ಎದ್ದು ಹೋಗಿದ್ದರು. ಪತ್ರಿಕೆಯ ಅಕ್ಷರ ಮಸುಕು ಎಂದು ಬೈದುಕೊಂಡು ಬಂದವರಿಗೆ, ತಪ್ಪು ಪತ್ರಿಕೆಯದೂ ಅಲ್ಲ, ನಿಮ್ಮ ಕಣ್ಣಿನದೂ ಅಲ್ಲ, ಗಾಜಿನದು ಎಂದು ಅಪ್ಪ ಸಮಾಧಾನ ಹೇಳಿ ಕಳಿಸಿದ್ದ. ದಿನಕ್ಕೆ ಹತ್ತು ಸಲ ಆಡುವ ಮಾತು ಅದು. ಈಗ ಅವನೇ ಗಿರಾಕಿಯ ಕುರ್ಚಿಯಲ್ಲಿ ಕುಳಿತ. ನನಗೆ ಬುದ್ಧಿ ಬಂದಾಗಿನಿಂದ ಅವನ ಕೈಗಳು ಅಲ್ಲಾಡದೆ ಇದ್ದದ್ದನ್ನು ಅವತ್ತೇ ನೋಡಿದ್ದು.

“ಮಕ್ಕಳಿಗೂ ಹಾಡಲಿಲ್ವಂತಾ?” ಎಂದು ಕೇಳಿದ. ಹೌದೆಂದೆ.

ಮಾರನೆಯ ಬೆಳಗ್ಗೆ ಅಪ್ಪ ಇಸ್ತ್ರಿಯಾಗಿದ್ದ ಅಂಗಿಗಳನ್ನೇ ಮುದ್ದೆ ಮಾಡಿಕೊಂಡು ಲಾಂಡ್ರಿಗೆ ಹೋದ. ಕ್ಷಮೆ ಕೇಳುವುದಕ್ಕೇ ಹೋಗಿದ್ದ ಎಂದು ನನ್ನ ಎಣಿಕೆ. ಅತ್ತೆ ಅಂಗಿ ತೆಗೆದುಕೊಂಡಳು, ಮಳೆ ಬರಬಹುದೇನೋ ಎಂದಳು, ಬರಬಹುದು ಎಂದು ಇವನು ವಾಪಸು ಬಂದ. ನಾನು ತಲೆ ಚಚ್ಚಿಕೊಂಡೆ. ಎರಡು ದಿನ ಬಿಟ್ಟು ಹೋದರೆ ಹಲಗೆಯ ಮೇಲೆ ಟೇಪ್ ರೆಕಾರ್ಡರ್ ಇರಲಿಲ್ಲ. ರಿಪೇರಿಗೆ ಹೋಗಿದೆ ಎಂದು ಮಾವ ನನ್ನ ಮುಖ ನೋಡದೆ ಹೇಳಿದರು. ಅತ್ತೆಯ ಕಿವಿಯಲ್ಲಿ ಫೋನಿನ ವೈರು, ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಓಡೋಡಿ ಸಾಗುತ್ತಿತ್ತು. ಅಪ್ಪ ಮಾತ್ರ ಮಧ್ಯಾಹ್ನವಾದರೆ ಅಂಗಡಿ ಬಾಗಿಲು ಹಾಕಿಕೊಂಡು ಕೂರಲು ಶುರುಮಾಡಿದ್ದ.

ಭಾನುವಾರ ತಾಲೀಮಿಗೆಂದು ಎಲ್ಲರೂ ಬೇಕರಿಯ ಹಿಂದಿನ ಕೋಣೆಯಲ್ಲಿ ಸೇರಿದರು. ಒಲೆ ಆರಿದ್ದರೂ ಬೆಚ್ಚಗಿತ್ತು. ಮೈದಾ ಮೂಟೆಗಳನ್ನು ಸರಿಸಿ ಜಾಗ ಮಾಡಿದ್ದರು. ಡಾಕ್ಟರು ತಂತಿ ಬಿಗಿಮಾಡಿದರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೈಕಿನ ಮುಂದೆ ನಿಂತಳು. ಹಣೆಯಲ್ಲಿ ಬೆವರಿತ್ತು. ಅಪ್ಪ ಕೋಲಿಗೆ ಕೋಲು ತಟ್ಟಿ ಎಣಿಸಿದ.

ಎಣಿಸಿದ್ದೇನೋ ಸರಿ, ಎಷ್ಟು ನಿಧಾನ! ಆನೆ ನಡೆದ ಹಾಗೆ ಡ್ರಮ್ ಶುರುವಾಯಿತು. ಅತ್ತೆ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಕಣ್ಣು ಮುಚ್ಚಿ, ಫೋನಿನಲ್ಲಿ ಕಲಿತ ವೇಗದಲ್ಲಿ, ಬಾಣ ಬಿಟ್ಟಂತೆ ಹಾಡಿದಳು. ಎಂಥ ದನಿ! ಇದನ್ನು ಇಷ್ಟು ವರ್ಷ ಒಳಗೆ ಹೇಗೆ ಮಡಚಿಟ್ಟಿದ್ದಳೋ ಏನೋ. ಗಿಟಾರಿನವರು ಅಕ್ಕನ ಹಿಂದೆ ಹೋಗುವುದೋ ತಮ್ಮನ ಹಿಂದೆ ಹೋಗುವುದೋ ತಿಳಿಯದೆ ಕೈ ಎತ್ತಿದರು. ಅಪ್ಪ ಇನ್ನೂ ಮೊದಲ ಸಾಲಿನಲ್ಲಿದ್ದ. ಅವಳು ಮೂರನೆಯದನ್ನೂ ದಾಟಿದ್ದಳು.

ಎಲ್ಲ ನಿಂತಿತು. ಅತ್ತೆ ಕಣ್ಣು ಬಿಟ್ಟು ತಿರುಗಿದಳು. ಅಪ್ಪನ ಕಾಲಬಳಿಯ ಚೀಲದಿಂದ ಅವಳ ಟೇಪ್ ರೆಕಾರ್ಡರ್ ಇಣುಕುತ್ತಿತ್ತು. ಮಧ್ಯಾಹ್ನಗಳಲ್ಲಿ ಅಂಗಡಿ ಬಾಗಿಲು ಹಾಕಿಕೊಂಡು ಅವನು ತಾಳ ಕಲಿತದ್ದು ಅದರಿಂದಲೇ. ಅದನ್ನು ನೋಡಿದಳು, ಅವನನ್ನು ನೋಡಿದಳು. ಅಪ್ಪ ಕೋಲು ಗಾಳಿಯಲ್ಲಿ ಹಿಡಿದುಕೊಂಡೇ ಕೂತಿದ್ದ.

“ಯಾಕೋ,” ಎಂದಳು ಅತ್ತೆ, “ರಾಗ ಎಳೀತಿದೀಯ?”

ಅಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. ಗಿರಾಕಿಗಳು ಯಾರಾದರೂ ಹಾಗೆ ಒರೆಸಿದರೆ ಬಯ್ಯುವವನು ಅವನು. ಆಮೇಲೆ ಕೋಲುಗಳನ್ನು ಮತ್ತೆ ಎತ್ತಿಕೊಂಡ.

“ನೀನು ಶುರು ಮಾಡಕ್ಕ,” ಎಂದ. “ಈ ಸಲ ನಾನೇ ನಿನ್ನ ಹಿಂದೆ ಬರ್ತೀನಿ.”